‘ನನ್ನ ಪಿಸಿಯಲ್ಲಿ ಸೈಬರ್‌ಪಂಕ್ ಓಡುತ್ತಾ?’: ಜಿಬಿ ಬಿಡಿ, ಕಾರ್ಡಿನ ಹೆಸರು ಹೇಳಿ

ಓದುಗರ ಪ್ರಶ್ನೆ: ಸರ್, ನನ್ನ ಹತ್ತಿರ ಐ7 ಪ್ರೊಸೆಸರ್, 8 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಇದೆ. ಸೈಬರ್‌ಪಂಕ್ 2077 ಓಡುತ್ತಾ?

ಆಟದ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ನಾನು ಕೇಳುವ ಮರುಪ್ರಶ್ನೆಯೂ ಪ್ರತಿ ಸಲ ಅದೇ. ಯಾವ ಐ7? ಯಾವ ಗ್ರಾಫಿಕ್ಸ್ ಕಾರ್ಡು? ಅದಕ್ಕೆ ಬರುವ ಉತ್ತರ, ‘ಹೇಳಿದೆನಲ್ಲ ಸರ್, 4 ಜಿಬಿ ಕಾರ್ಡು’. ಇವತ್ತು ಇದನ್ನು ಪೂರ್ತಿ ಬಿಡಿಸಿ ಬರೆದುಬಿಡುತ್ತೇನೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಓದಲು ಹೇಳಬಹುದು.

ಮೊದಲು ಆಟ ಏನು ಕೇಳುತ್ತದೆ ಅನ್ನುವುದನ್ನು ನೋಡೋಣ. ಸೈಬರ್‌ಪಂಕ್ 2077 ಬಂದಿದ್ದು ಡಿಸೆಂಬರ್ 2020ರಲ್ಲಿ. ಮಾಡಿದವರು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್. 2023ರಲ್ಲಿ ಆಟಕ್ಕೆ ದೊಡ್ಡ ಅಪ್‌ಡೇಟ್ ಕೊಟ್ಟಾಗ ಬೇಕಾದ ಹಾರ್ಡ್‌ವೇರ್ ಪಟ್ಟಿಯನ್ನೂ ಅವರು ಬದಲಾಯಿಸಿದರು. ಹಳೆಯ ಪಟ್ಟಿಯಲ್ಲಿ 8 ಜಿಬಿ ರ‍್ಯಾಮ್ ಸಾಕಿತ್ತು, ಹಾರ್ಡ್ ಡಿಸ್ಕ್ ಇದ್ದರೂ ನಡೆಯುತ್ತಿತ್ತು. ಹೊಸ ಪಟ್ಟಿಯಲ್ಲಿ ಕನಿಷ್ಠವೇ 12 ಜಿಬಿ ರ‍್ಯಾಮ್. ಜೊತೆಗೆ 70 ಜಿಬಿ ಜಾಗ, ಅದೂ ಹಾರ್ಡ್ ಡಿಸ್ಕಿಗಿಂತ ವೇಗವಾದ ಎಸ್‌ಎಸ್‌ಡಿಯಲ್ಲೇ ಇರಬೇಕು. ಪ್ರೊಸೆಸರ್ ಕೋರ್ ಐ7-6700 ಅಥವಾ ರೈಜನ್ 5 1600. ಕಾರ್ಡು ಜಿಟಿಎಕ್ಸ್ 1060 6 ಜಿಬಿ ಅಥವಾ ರೇಡಿಯಾನ್ ಆರ್‌ಎಕ್ಸ್ 580 8 ಜಿಬಿ. ತುಂಬಾ ಜನ ಇನ್ನೂ 2020ರ ಪಟ್ಟಿಯನ್ನೇ ಹಿಡಿದುಕೊಂಡು ಲೆಕ್ಕ ಹಾಕುತ್ತಾರೆ. ಆಟದ ಮಾರಾಟದ ಪುಟದಲ್ಲಿ ಇವತ್ತು ಏನಿದೆಯೋ ಅದನ್ನೇ ನೋಡಿ.

ಆ ‘ಕನಿಷ್ಠ’ ಅನ್ನುವುದಕ್ಕೂ ಒಂದು ಅರ್ಥವಿದೆ. 1080ಪಿ (1920×1080 ಚುಕ್ಕೆಗಳ) ಪರದೆ, ಲೋ ಸೆಟ್ಟಿಂಗ್, ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಎಂದು ಅವರೇ ಬರೆದಿದ್ದಾರೆ. ಯೂಟ್ಯೂಬಿನಲ್ಲಿ ನೀವು ನೋಡಿದ ಮಳೆಯಲ್ಲಿ ಮಿನುಗುವ ಬೀದಿಗಳು ಇದರಲ್ಲಿ ಹಾಗೆ ಕಾಣುವುದಿಲ್ಲ.

ಈಗ ನಿಮ್ಮ ಮೂರು ಸಂಖ್ಯೆಗಳಿಗೆ ಬರೋಣ. 8 ಜಿಬಿ ರ‍್ಯಾಮ್ ಸಾಲದು, ಅದರಲ್ಲಿ ಚರ್ಚೆಯೇ ಇಲ್ಲ. ಇನ್ನೊಂದು 8 ಜಿಬಿ ಸ್ಟಿಕ್ ಹಾಕಿಸಿ. ಐ7 ಅಂತ ಬರೀ ಐ7 ಬರೆದರೆ ನನಗೆ ಏನೂ ಗೊತ್ತಾಗುವುದಿಲ್ಲ. ಐ7-6700ರಲ್ಲಿ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ). ಅದಾದ ಮೇಲೆ ಬಂದ ಲ್ಯಾಪ್‌ಟಾಪ್ ಚಿಪ್ ಐ7-7500ಯು ಬರೀ 2 ಕೋರ್, 4 ಥ್ರೆಡ್. ಎರಡರ ಸ್ಟಿಕರಿನ ಮೇಲೂ ಐ7 ಎಂದೇ ಇರುತ್ತದೆ. ಪೂರ್ತಿ ನಂಬರು, ಕೊನೆಯ ಅಕ್ಷರದ ಸಮೇತ ಬೇಕು.

ಇನ್ನು ‘4 ಜಿಬಿ ಗ್ರಾಫಿಕ್ಸ್’. ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುವ ಕಳೆ ಇದು. ಜಿಬಿ ಜಾಸ್ತಿ ಇದ್ದರೆ ಕಾರ್ಡು ಜೋರು ಅನ್ನುವ ನಂಬಿಕೆ.

ಜಿಬಿ ಅನ್ನುವುದು ಕಾರ್ಡಿನ ಮೆಮೊರಿಯ ಅಳತೆ. ಗೋಡೆ, ರಸ್ತೆ, ಮುಖ, ಬಟ್ಟೆಗಳ ಚಿತ್ರಗಳನ್ನೆಲ್ಲ ಇಟ್ಟುಕೊಳ್ಳುವ ಜಾಗ ಅದು. ಆ ಚಿತ್ರಗಳನ್ನು ಎತ್ತಿಕೊಂಡು, ಬೆಳಕು ನೆರಳು ಲೆಕ್ಕ ಹಾಕಿ, ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿಡಿಸುವುದು ಚಿಪ್ಪಿನ ಕೆಲಸ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. ಸೆಕೆಂಡಿಗೆ 30 ಸಲ ಅಷ್ಟನ್ನೂ ಹೊಸದಾಗಿ ಬಿಡಿಸಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 0.033 ಸೆಕೆಂಡು. ಜಾಗ ಎಷ್ಟೇ ಇರಲಿ, ಅಷ್ಟರೊಳಗೆ ಕೆಲಸ ಮುಗಿಸುವ ತಾಕತ್ತು ಚಿಪ್ಪಿಗೆ ಇರಬೇಕು. ಮೆಮೊರಿಯಿಂದ ಚಿಪ್ಪಿಗೆ ಮಾಹಿತಿ ಬರುವ ದಾರಿಯೂ ಅಗಲವಾಗಿರಬೇಕು.

ಎರಡು ಕಾರ್ಡು ತೆಗೆದುಕೊಳ್ಳೋಣ. ಎರಡೂ 4 ಜಿಬಿ. ಒಂದು 64 ಬಿಟ್ ಅಗಲದ ದಾರಿ, ನಿಧಾನದ ಡಿಡಿಆರ್3 ಮೆಮೊರಿ ಇರುವ ಜಿಟಿ 730, 2014ರಲ್ಲಿ ಬಂದದ್ದು. ಇನ್ನೊಂದು ವೇಗದ ಜಿಡಿಡಿಆರ್5 ಮೆಮೊರಿ ಇರುವ ಜಿಟಿಎಕ್ಸ್ 1650, 2019ರದ್ದು. ಮೊದಲನೆಯದರಲ್ಲಿ 384 ಕೋರ್, ಎರಡನೆಯದರಲ್ಲಿ 896. ಅದಕ್ಕಿಂತ ಮುಖ್ಯವಾದದ್ದು ಮೆಮೊರಿಯ ವೇಗ. ಜಿಟಿ 730 ಸೆಕೆಂಡಿಗೆ 14.4 ಜಿಬಿ ಓದುತ್ತದೆ, 1650 ಸೆಕೆಂಡಿಗೆ 128 ಜಿಬಿ.

ಈಗ ನಾಲ್ಕನ್ನು 14.4ರಿಂದ ಭಾಗಿಸಿ. 0.28 ಸೆಕೆಂಡು. ತನ್ನ 4 ಜಿಬಿಯನ್ನು ಒಂದೇ ಒಂದು ಸಲ ಪೂರ್ತಿ ಓದಿ ಮುಗಿಸಲು ಜಿಟಿ 730ಗೆ ಕಾಲು ಸೆಕೆಂಡಿಗಿಂತ ಜಾಸ್ತಿ ಬೇಕು. ಒಂದು ಚಿತ್ರಕ್ಕೆ ಇರುವುದು 0.033 ಸೆಕೆಂಡು ಅಂತ ಈಗ ತಾನೇ ನೋಡಿದೆವಲ್ಲ? ಆ ಅವಧಿಯಲ್ಲಿ ಅದು ಮುಟ್ಟಬಹುದಾದದ್ದು ಹೆಚ್ಚೆಂದರೆ ಅರ್ಧ ಜಿಬಿ. ಉಳಿದ ಮೂರೂವರೆ ಜಿಬಿಯಿಂದ ಆ ಚಿತ್ರಕ್ಕೆ ಉಪಯೋಗವೇ ಇಲ್ಲ. 1650 ಅದೇ 4 ಜಿಬಿಯನ್ನು 0.031 ಸೆಕೆಂಡಿನಲ್ಲಿ ಓದುತ್ತದೆ. ಕೂಡು-ಭಾಗಾಕಾರ ಬರುವ ಯಾರೇ ಆದರೂ ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ನನ್ನ ಮಾತು ನಂಬಬೇಕಾಗಿಲ್ಲ. ಇದರ ಮೇಲೆ, ಜಿಟಿ 730ರ ತಲೆಮಾರಿಗೆ ಹೊಸ ಆಟಗಳ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕೊಡುವುದನ್ನೂ ಅದರ ಚಿಪ್ ಮಾಡಿದ ಎನ್ವಿಡಿಯಾ ಕಂಪನಿ 2021ರಲ್ಲಿ ನಿಲ್ಲಿಸಿದೆ.

‘ಅದು ಹಳೇ ಕಾರ್ಡು ಸರ್, ಹೊಸದರಲ್ಲಿ ಜಿಬಿ ನೋಡಬಹುದು’ ಅನ್ನುವವರಿಗೆ ಇನ್ನೊಂದು ಜೋಡಿ. ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ, ಆರ್‌ಟಿಎಕ್ಸ್ 3070ರಲ್ಲಿ 8 ಜಿಬಿ. ಎರಡೂ ಒಂದೇ ತಲೆಮಾರು. ಜಿಬಿ ಕಡಿಮೆ ಇರುವ 3070ಯೇ ಜೋರು, ಏಕೆಂದರೆ ಅದರಲ್ಲಿ 5888 ಕೋರ್, 3060ರಲ್ಲಿ 3584. ಇನ್ನೂ ಬೇಕಾ? ಜಿಟಿ 1030 ಅನ್ನುವ 2 ಜಿಬಿ ಕಾರ್ಡು ಎರಡು ರೀತಿ ಬಂದಿದೆ. ಜಿಡಿಡಿಆರ್5 ಹಾಕಿದ್ದು ಸೆಕೆಂಡಿಗೆ 48 ಜಿಬಿ ಓದುತ್ತದೆ, ಡಿಡಿಆರ್4 ಹಾಕಿದ್ದು 16.8. ಹೆಸರೂ ಒಂದೇ, ಜಿಬಿಯೂ ಒಂದೇ, ಆಟ ಮಾತ್ರ ಬೇರೆ.

ಹಾಗಾದರೆ ಜಿಬಿಗೆ ಬೆಲೆಯೇ ಇಲ್ಲವಾ ಅಂದರೆ, ಇದೆ. ಬೇಕಾದದ್ದಕ್ಕಿಂತ ಕಡಿಮೆಯಾದರೆ ಕಾರ್ಡು ಮತ್ತೆ ಮತ್ತೆ ಕಂಪ್ಯೂಟರಿನ ರ‍್ಯಾಮ್‌ಗೆ ಕೈಚಾಚಬೇಕಾಗುತ್ತದೆ. ಆಗ ಆಟ ಮುಗ್ಗರಿಸುತ್ತದೆ. ಬೇಕಾದಷ್ಟು ಇದ್ದ ಮೇಲೆ ಇನ್ನೂ ಹೆಚ್ಚು ಇದ್ದರೆ ವೇಗ ಹೆಚ್ಚುವುದಿಲ್ಲ. ಅಷ್ಟೇ ಅದರ ಪಾತ್ರ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ನಿಮ್ಮ ಪ್ರಶ್ನೆಯಲ್ಲಿ 8 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಎರಡೂ ಒಟ್ಟಿಗೆ ಇರುವುದು ನೋಡಿ ನನಗೆ ಅನುಮಾನ ಬಂತು. ವಿಂಡೋಸ್ ನಿಮ್ಮ ರ‍್ಯಾಮ್‌ನ ಸುಮಾರು ಅರ್ಧವನ್ನು ‘ಬೇಕಾದರೆ ಗ್ರಾಫಿಕ್ಸ್ ಬಳಸಿಕೊಳ್ಳಲಿ’ ಎಂದು ಬಿಟ್ಟಿರುತ್ತದೆ. ಇದಕ್ಕೆ ಶೇರ್ಡ್ ಮೆಮೊರಿ ಅನ್ನುತ್ತಾರೆ. 8 ಜಿಬಿಯ ಅರ್ಧ 4 ಜಿಬಿ. ವಿಂಡೋಸ್ ಕೀ ಜೊತೆ ಆರ್ ಒತ್ತಿದಾಗ ಬರುವ ರನ್ ಡಬ್ಬಿಯಲ್ಲಿ ಡಿಎಕ್ಸ್‌ಡಯಾಗ್ (dxdiag) ಎಂದು ಹೊಡೆದರೆ ಡಿಸ್‌ಪ್ಲೇ ಪುಟದಲ್ಲಿ ‘ಅಪ್ರಾಕ್ಸ್ ಟೋಟಲ್ ಮೆಮೊರಿ’ ಎಂದು ಕಾಣುವ ದೊಡ್ಡ ಸಂಖ್ಯೆ ಈ ಶೇರ್ಡ್ ಮೆಮೊರಿಯನ್ನೂ ಸೇರಿಸಿ ಹೇಳುತ್ತದೆ. ಇಂಟೆಲ್ ಯುಎಚ್‌ಡಿ 620 ಇರುವ ಲ್ಯಾಪ್‌ಟಾಪಿನಲ್ಲಿ ಅದರ ಕೆಳಗೇ ಸ್ವಂತ ಮೆಮೊರಿ 128 ಎಂಬಿ ಎಂದು ಬರೆದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಹಾಗಾಗಿ ಎಷ್ಟೋ ಜನರ ‘4 ಜಿಬಿ ಗ್ರಾಫಿಕ್ಸ್ ಕಾರ್ಡು’ ಅಂದರೆ ಅಲ್ಲಿ ಕಾರ್ಡೇ ಇಲ್ಲ! ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಇದೆ, ರ‍್ಯಾಮ್ ಹಂಚಿಕೊಂಡು ಬದುಕುತ್ತಿದೆ. ಓದು, ಕಚೇರಿ ಕೆಲಸ, ಸಿನಿಮಾಕ್ಕೆ ಅದು ಒಳ್ಳೆಯದೇ. ಸೈಬರ್‌ಪಂಕ್‌ಗೆ ಆಗುವುದಿಲ್ಲ.

ಆದ್ದರಿಂದ ಈಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಸಿಪಿಯು ಮೇಲೆ ಒತ್ತಿದರೆ ಪ್ರೊಸೆಸರಿನ ಪೂರ್ತಿ ಹೆಸರು, ಕೋರ್ ಎಷ್ಟು ಅನ್ನುವುದು ಕಾಣುತ್ತದೆ. ಮೆಮೊರಿಯಲ್ಲಿ ರ‍್ಯಾಮ್ ಎಷ್ಟು, ಎಷ್ಟು ಸ್ಲಾಟ್ ತುಂಬಿದೆ ಎಂದಿರುತ್ತದೆ. ಡಿಸ್ಕ್ ಪಕ್ಕದಲ್ಲೇ ಎಸ್‌ಎಸ್‌ಡಿಯೋ ಎಚ್‌ಡಿಡಿಯೋ ಎಂದು ಬರೆದಿರುತ್ತದೆ. ಜಿಪಿಯು (ಅಂದರೆ ಗ್ರಾಫಿಕ್ಸ್) ಒತ್ತಿ, ಬಲಗಡೆ ಮೇಲೆ ಕಾಣುವ ಹೆಸರು ಬರೆದುಕೊಳ್ಳಿ. ಕೆಳಗೆ ‘ಡೆಡಿಕೇಟೆಡ್’ ಎಂದಿರುವುದು ಮಾತ್ರ ನಿಮ್ಮ ಕಾರ್ಡಿನ ಸ್ವಂತ ಮೆಮೊರಿ. ಜಿಪಿಯು 0 ಒಂದೇ ಇದ್ದು, ಅದು ಇಂಟೆಲ್ ಯುಎಚ್‌ಡಿ ಆಗಿದ್ದರೆ ಬೇರೆ ಕಾರ್ಡು ಇಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡಾಗಿದ್ದರೆ ಇನ್ನೊಂದು ಹೆಜ್ಜೆ. ಹಳೆಯ ಕಾರ್ಡಿನ ಬಯೋಸ್ (ಕಾರ್ಡಿನೊಳಗೇ ಇರುವ ಸಾಫ್ಟ್‌ವೇರ್) ತಿದ್ದಿ ಹೊಸ ಹೆಸರು ತೋರಿಸುವ ಮೋಸ ಇದೆ. ಜಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ 2018ರಿಂದ ಅಂಥ ನಕಲಿ ಎನ್ವಿಡಿಯಾ ಕಾರ್ಡುಗಳನ್ನು ಪತ್ತೆ ಮಾಡಿ ಹೆಸರಿನ ಮುಂದೆಯೇ ‘ಫೇಕ್’ ಎಂದು ತೋರಿಸುತ್ತದೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಹಾಕಿ ನೋಡಿ.

ಹೆಸರು ಸಿಕ್ಕಿತಾ? ಈಗ ಯೂಟ್ಯೂಬಿನಲ್ಲಿ ಆ ಕಾರ್ಡಿನ ಹೆಸರು, ಆಟದ ಹೆಸರು, 1080ಪಿ ಎಂದು ಹುಡುಕಿ. ನಿಮ್ಮಂಥದ್ದೇ ಪ್ರೊಸೆಸರ್ ಇಟ್ಟುಕೊಂಡು ಯಾರೋ ಆಡಿ ತೋರಿಸಿರುತ್ತಾರೆ. ಮೂಲೆಯಲ್ಲಿ ಫ್ರೇಮ್ ಲೆಕ್ಕವೂ ಓಡುತ್ತಿರುತ್ತದೆ. ಅಪ್‌ಡೇಟ್ ಆದ ಮೇಲಿನ ವಿಡಿಯೊ ಆಗಿರಲಿ. ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನಿಮ್ಮ ಕಾರ್ಡು ನಿಜಕ್ಕೂ ಜಿಟಿಎಕ್ಸ್ 1650 ಆಗಿದ್ದರೆ, ಅದು ಅಧಿಕೃತ ಕನಿಷ್ಠಕ್ಕಿಂತ ಕೆಳಗೇ ಇದೆ. ಆದರೂ ಲೋ ಸೆಟ್ಟಿಂಗಿಗೆ ಇಳಿಸಿ, ಎಫ್‌ಎಸ್‌ಆರ್ ಹಾಕಿಕೊಂಡರೆ ಆಡಬಹುದು. ಎಫ್‌ಎಸ್‌ಆರ್ ಅಂದರೆ ಚಿತ್ರವನ್ನು ಸಣ್ಣದಾಗಿ ಬಿಡಿಸಿ ಆಮೇಲೆ ದೊಡ್ಡದು ಮಾಡುವುದು. ಪರದೆ ಹಳೆಯ 1366×768 ಆಗಿದ್ದರೆ ಚುಕ್ಕೆಗಳು ಸುಮಾರು 10.5 ಲಕ್ಷ, ಹೊರೆ ಅರ್ಧಕ್ಕೆ ಇಳಿಯುತ್ತದೆ. ಹಳೆ ಮಾನಿಟರ್ ಇದೆಯೆಂದು ಬೇಜಾರು ಬೇಡ.

ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡರೆ, ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಕೇಳಬಹುದು. ಆಟದೊಳಗೇ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಇದೆ, ಮೊದಲು ಅದನ್ನು ಓಡಿಸಿ ನೋಡಿ. ಆದರೆ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರು ಹುಷಾರು. ದಿನಕ್ಕೆ 2 ಜಿಬಿ ಡೇಟಾದಲ್ಲಿ 70 ಜಿಬಿ ಇಳಿಸಲು 35 ದಿನ ಬೇಕು. ಅಷ್ಟರಲ್ಲಿ ವಾಪಸ್ ಕೇಳುವ ಗಡುವು ಎಂದೋ ಮುಗಿದಿರುತ್ತದೆ. ಫೈಬರ್ ಇರುವ ಕಡೆ ಇಳಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡೇ ಕೊಳ್ಳಿ.

ಇದನ್ನೆಲ್ಲ ಓದಿ ಕೆಲವರು ಹೊಸ ಕಾರ್ಡು ತರಲು ಬೆಂಗಳೂರಿನ ಎಸ್‌ಪಿ ರೋಡಿಗೋ ಊರಿನ ಕಂಪ್ಯೂಟರ್ ಅಂಗಡಿಗೋ ಹೊರಡುತ್ತೀರಿ ಎಂದು ಗೊತ್ತು. ಅಲ್ಲಿ ‘ಎಷ್ಟು ಜಿಬಿದು ಇದೆ’ ಎಂದು ಕೇಳಬೇಡಿ, ಮಾಡೆಲ್ ಹೆಸರು ಹೇಳಿ ಕೇಳಿ. ಹೊರಡುವ ಮೊದಲು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ) ಸ್ಟಿಕರ್ ಓದಿಕೊಳ್ಳಿ. ಇದನ್ನು ಯಾರೂ ಕೇಳುವುದೇ ಇಲ್ಲ, ಆದರೆ ಕಾರ್ಡು ಹಾಕಿದ ಮೇಲೆ ಪಿಸಿ ಆಫ್ ಆಗುತ್ತದೆ ಎನ್ನುವ ದೂರಿಗೆ ಎಷ್ಟೋ ಸಲ ಕಾರಣ ಇದೇ. ಅಗ್ಗದ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದಿರುತ್ತದೆ. ಅದನ್ನು ಬಿಟ್ಟು 12 ವೋಲ್ಟ್ ಕಾಲಂನಲ್ಲಿ ಎಷ್ಟು ಆಂಪ್ ಎಂದು ನೋಡಿ ಗುಣಿಸಿ. 14 ಆಂಪ್ ಇದ್ದರೆ 168 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡು ಎರಡೂ ಮುಖ್ಯವಾಗಿ ಅದರಲ್ಲೇ ನಡೆಯಬೇಕು. ಜಿಟಿಎಕ್ಸ್ 1650 ಕೇಳುವುದು 75 ವ್ಯಾಟ್, ಸಾಮಾನ್ಯವಾಗಿ ಬೇರೆ ಪವರ್ ಕೇಬಲ್ ಕೂಡ ಬೇಡ. ಆರ್‌ಟಿಎಕ್ಸ್ 3060 ಕೇಳುವುದು 170 ವ್ಯಾಟ್. ಅದಕ್ಕೆ 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ಇರಲಿ ಎಂದು ಎನ್ವಿಡಿಯಾ ಹೇಳುತ್ತದೆ.

ಹಾಗೆಯೇ ಮೇಜಿನ ಕೆಳಗಿನ ಯುಪಿಎಸ್. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 600 ವಿಎ, ಅದು ಕೊಡುವುದು ಸುಮಾರು 360 ವ್ಯಾಟ್. 3060 ಹಾಕಿದ ಪಿಸಿ, ಮಾನಿಟರ್, ಸ್ಪೀಕರ್ ಎಲ್ಲ ಸೇರಿ ಆಟದ ನಡುವೆ ಅದರ ಹತ್ತಿರ ಹತ್ತಿರ ಹೋಗುತ್ತವೆ. ಬ್ಯಾಟರಿ ಹಳೆಯದಾಗಿದ್ದರೆ ಕರೆಂಟು ಹೋದ ಕ್ಷಣವೇ ಪಿಸಿಯೂ ಹೋಗುತ್ತದೆ, ಸೇವ್ ಮಾಡದ ಆಟವೂ ಹೋಗುತ್ತದೆ. ಪ್ರಿಂಟರನ್ನೂ ಸ್ಪೀಕರನ್ನೂ ಯುಪಿಎಸ್‌ನಿಂದ ತೆಗೆದು ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ಪಿಸಿ ಮತ್ತು ಮಾನಿಟರ್ ಮಾತ್ರ ಯುಪಿಎಸ್ ಮೇಲಿರಲಿ. ಆಮೇಲೂ ಆಟದ ಮಧ್ಯೆ ಕರೆಂಟು ಹೋದಾಗ ಆಫ್ ಆದರೆ, ಮೊದಲು ಬ್ಯಾಟರಿ ಬದಲಾಯಿಸಿ. ಅದಕ್ಕೂ ಬಗ್ಗದಿದ್ದರೆ 1000 ವಿಎ ಯುಪಿಎಸ್ ಹಾಕಿಸಿ.