ಪುಟ್ಟ ವಿಮಾನ ಬಿದ್ದರೆ ಕಾರಣ ಹುಡುಕುವವರು ಯಾರು?

ಅಮೆರಿಕದ ಗಾಯಕ ಜಾನ್ ಡೆನ್ವರ್ ಸತ್ತಿದ್ದು 1997ರ ಅಕ್ಟೋಬರ್ 12ರ ಸಂಜೆ, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ. ಅವರೇ ಓಡಿಸುತ್ತಿದ್ದ ಪುಟ್ಟ ವಿಮಾನ ಕೆಲವೇ ನೂರು ಅಡಿ ಎತ್ತರದಿಂದ ಸಮುದ್ರಕ್ಕೆ ಬಿತ್ತು. ಡೆನ್ವರ್ ಸಾವಿರಾರು ಗಂಟೆ ಹಾರಿದ್ದ ಪೈಲಟ್. ಆದರೆ ಈ ವಿಮಾನ ಹಿಂದಿನ ದಿನವಷ್ಟೇ ಅವರ ಕೈಗೆ ಬಂದಿತ್ತು.

'ಪೈಲಟ್ ತಪ್ಪು' ಎಂದು ಬರೆದು ಫೈಲ್ ಮುಚ್ಚಬಹುದಿತ್ತು. ಸಣ್ಣ ವಿಮಾನಗಳ ವಿಷಯದಲ್ಲಿ ಆಗುವುದೂ ಸಾಮಾನ್ಯವಾಗಿ ಅದೇ. ಇಲ್ಲಿ ಹಾಗಾಗಲಿಲ್ಲ. ಅಲ್ಲಿನ ಸಾರಿಗೆ ಅಪಘಾತ ತನಿಖಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, ಒಂದು ಹಿಡಿಕೆಯ ಬೆನ್ನು ಹತ್ತಿತು.

ವಿಮಾನದ ಹೆಸರು ಲಾಂಗ್-ಈಝಿ. ಬರ್ಟ್ ರುಟಾನ್ ಎಂಬ ಹೆಸರಾಂತ ವಿನ್ಯಾಸಕಾರರ ನಕ್ಷೆ ಕೊಂಡು, ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ಮಾದರಿ. ಎರಡು ಪೆಟ್ರೋಲ್ ಟ್ಯಾಂಕ್. ಯಾವುದರಿಂದ ಎಂಜಿನ್‌ಗೆ ಇಂಧನ ಹೋಗಬೇಕು ಎಂದು ಬದಲಿಸುವ ಹಿಡಿಕೆ ರುಟಾನ್ ನಕ್ಷೆಯಲ್ಲಿ ಪೈಲಟ್‌ನ ಎರಡು ಕಾಲುಗಳ ನಡುವೆ ಇದೆ. ಈ ವಿಮಾನ ಕಟ್ಟಿದವರಿಗೆ ಪೈಲಟ್ ಕೂರುವ ಜಾಗದಲ್ಲಿ ಪೆಟ್ರೋಲ್ ಪೈಪ್ ಹಾಯುವುದು ಇಷ್ಟವಿರಲಿಲ್ಲ. ಬೆಂಕಿಯ ಭಯ. ಹಾಗಾಗಿ ಹಿಡಿಕೆಯನ್ನು ಪೈಲಟ್‌ನ ಎಡ ಭುಜದ ಹಿಂದಿನ ಗೋಡೆಗೆ ಕೂರಿಸಿದ್ದರು. ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕ್ ಎಂಬ ಗುರುತು ಇರಲಿಲ್ಲ. ಇಂಧನದ ಮಟ್ಟ ತೋರಿಸುವ ಕೊಳವೆಗಳ ಮೇಲೂ ಗುರುತಿರಲಿಲ್ಲ.

ಹಿಡಿಕೆ ಕೈಗೆ ಸಿಗುವುದು ಕಷ್ಟ ಎಂದು ಡೆನ್ವರ್‌ಗೆ ಗೊತ್ತಿತ್ತು. ಹಾರುವ ಮುಂಚೆ ಮೆಕ್ಯಾನಿಕ್ ಒಬ್ಬರ ಜೊತೆ ಅದನ್ನೇ ಮಾತಾಡಿದ್ದರು. ಒಂದು ಇಕ್ಕಳ ಸಿಕ್ಕಿಸಿ ಹಿಡಿಕೆಯನ್ನು ಉದ್ದ ಮಾಡಲು ನೋಡಿದರು, ಆಗಲಿಲ್ಲ. ಹಿಂದಿರುವ ಮಟ್ಟ ನೋಡಿಕೊಳ್ಳಲಿ ಎಂದು ಮೆಕ್ಯಾನಿಕ್ ಒಂದು ಪುಟ್ಟ ಕನ್ನಡಿ ಕೊಟ್ಟರು. ಪೆಟ್ರೋಲ್ ತುಂಬಿಸಬೇಕಾ ಎಂದು ಕೇಳಿದಾಗ ಡೆನ್ವರ್ ಬೇಡ ಎಂದರು. ಒಂದು ಗಂಟೆ ಹಾರಾಟಕ್ಕೆ ಇರುವುದೇ ಸಾಕು ಎಂಬ ಲೆಕ್ಕ.

ತನಿಖೆದಾರರು ಇದೇ ಮಾದರಿಯ ವಿಮಾನದಲ್ಲಿ ಕೂತು ಪರೀಕ್ಷಿಸಿದರು. ಹಿಡಿಕೆ ತಿರುಗಿಸಬೇಕೆಂದರೆ ಕಂಟ್ರೋಲ್ ಕಡ್ಡಿಯಿಂದ ಕೈ ತೆಗೆಯಬೇಕು, ಭುಜದ ಪಟ್ಟಿ ಸಡಿಲ ಮಾಡಬೇಕು, ಪೂರ್ತಿ ಎಡಕ್ಕೆ ಹೊರಳಿ ಬಲಗೈಯನ್ನು ಎಡ ಭುಜದ ಹಿಂದಕ್ಕೆ ಚಾಚಬೇಕು. ಹಾಗೆ ಹೊರಳುವಾಗ ದೇಹಕ್ಕೆ ಆಸರೆ ಬೇಕಲ್ಲ? ಬಲಗಾಲು ತಾನಾಗಿ ಮುಂದಿನ ಪೆಡಲ್ ಒತ್ತುತ್ತದೆ. ಆ ಪೆಡಲ್ ಬಲಗಡೆಯ ರಡ್ಡರ್‌ನದು, ಅಂದರೆ ವಿಮಾನದ ಮೂತಿಯನ್ನು ಪಕ್ಕಕ್ಕೆ ತಿರುಗಿಸುವ ಹಲಗೆಯದು. ಒತ್ತಿದರೆ ವಿಮಾನ ಬಲಕ್ಕೆ ತಿರುಗಿ ವಾಲುತ್ತದೆ. ಅಷ್ಟು ಕೆಳಗೆ ಹಾರುವಾಗ ಸರಿಪಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ವರದಿ 1999ರಲ್ಲಿ ಬಂತು. ಹಿಡಿಕೆ ತಿರುಗಿಸಲು ಹೋಗಿ ಪೈಲಟ್ ಗಮನ ತಪ್ಪಿದ್ದು, ಗೊತ್ತಿಲ್ಲದೆ ಬಲ ರಡ್ಡರ್ ಒತ್ತಿದ್ದು, ಪೆಟ್ರೋಲ್ ತುಂಬಿಸದೇ ಹೊರಟಿದ್ದು ಕಾರಣ ಎಂದು ಅದು ಹೇಳಿತು. ಹಿಡಿಕೆಯ ಜಾಗ, ಗುರುತಿಲ್ಲದ ಕೊಳವೆಗಳು, ಹೊಸ ಮಾದರಿಗೆ ಸಾಲದ ತರಬೇತಿ ಎಲ್ಲವೂ ಪಾಲುದಾರ ಎಂದೂ ಸೇರಿಸಿತು. ನನಗೆ ಮುಖ್ಯ ಅನಿಸುವುದು ಈ ಎರಡನೇ ಭಾಗ. ಸತ್ತವರನ್ನು ದೂರುವುದು ಸುಲಭ. ಹಿಡಿಕೆ ಅಲ್ಲಿಗೆ ಹೇಗೆ ಬಂತು ಎಂದು ಕೇಳಲು ಆ ಕೆಲಸಕ್ಕೇ ಕೂತವರು ಬೇಕು.

ಈ ವಿಮಾನ ಇನ್ನೂ ಹಗುರವಾಗಿದ್ದಿದ್ದರೆ ಇಂಥ ತನಿಖೆ ಬಹುಶಃ ನಡೆಯುತ್ತಲೇ ಇರಲಿಲ್ಲ. ಅದರ ಹಿಂದೆ ಒಂದು ಕಥೆ ಇದೆ. 1975ರಲ್ಲಿ ಜಾನ್ ಮೂಡಿ ಎಂಬಾತ ವಿಸ್ಕಾನ್ಸಿನ್‌ನ ಹೆಪ್ಪುಗಟ್ಟಿದ ಕೆರೆಯ ಮೇಲೆ ಓಡಿ, ಎಂಜಿನ್ ಕಟ್ಟಿದ ಹ್ಯಾಂಗ್ ಗ್ಲೈಡರ್‌ನಲ್ಲಿ ಮೇಲೇರಿದ. ಮುಂದಿನ ವರ್ಷ ಆಶ್‌ಕಾಶ್ ಊರಿನ ವಿಮಾನ ಮೇಳದಲ್ಲಿ ಹಾರಿಸಿ ತೋರಿಸಿದ. ಹುಚ್ಚು ಹಬ್ಬಿತು. 1982ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ 'ಪಾರ್ಟ್ 103' ಎಂಬ ನಿಯಮ ತಂದಿತು. ಒಂದೇ ಸೀಟು, ಖಾಲಿ ತೂಕ ಸುಮಾರು 115 ಕೆಜಿಗಿಂತ ಕಡಿಮೆ, ಸುಮಾರು 19 ಲೀಟರ್ ಪೆಟ್ರೋಲ್. ಇಷ್ಟರೊಳಗಿದ್ದರೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಜನವಸತಿಯ ಮೇಲೆ ಹಾರಬೇಡಿ, ಮಿಕ್ಕಿದ್ದು ನಿಮ್ಮ ಹೊಣೆ ಎಂಬ ಧೋರಣೆ.

ಸ್ವಾತಂತ್ರ್ಯವೇನೋ ಸಿಕ್ಕಿತು. ಆದರೆ ಅಂಥದ್ದೊಂದು ಬಿದ್ದರೆ ಎನ್‌ಟಿಎಸ್‌ಬಿ ಸಾಮಾನ್ಯವಾಗಿ ಬರುವುದಿಲ್ಲ. ಊರಿನ ಪೊಲೀಸರು ಬರೆದಿದ್ದೇ ವರದಿ. ಮುರಿದ ಬೋಲ್ಟು, ಸವೆದ ಕೇಬಲ್, ಹಳಸಿದ ಬಟ್ಟೆಯ ರೆಕ್ಕೆ ನೋಡಿ ಹೇಳುವ ಕಣ್ಣು ಅವರಿಗೆಲ್ಲಿಂದ ಬರಬೇಕು? ಮೇಲಾಗಿ ಎಷ್ಟೋ ಜನ ಎರಡು ಸೀಟಿನ, ಭಾರದ ವಿಮಾನಗಳನ್ನೂ ಇದೇ ಲೆಕ್ಕದಲ್ಲಿ ಹಾರಿಸುತ್ತಿದ್ದರು. 2004ರಲ್ಲಿ ಹಗುರ ವಿಮಾನಗಳಿಗಾಗಿ ಲೈಟ್ ಸ್ಪೋರ್ಟ್ ಎಂಬ ನಿಯಮ ಬಂದು, 2008ರ ಜನವರಿಯೊಳಗೆ ಅವನ್ನೆಲ್ಲ ನೋಂದಾಯಿಸಿ ಎಂದ ಮೇಲೆ ಅವು ದಾಖಲೆಗೆ ಬಂದವು.

ನಮ್ಮಲ್ಲಿ ಮೈಕ್ರೋಲೈಟ್‌ಗೂ, ಅಂದರೆ ತೀರಾ ಹಗುರದ ವಿಮಾನಕ್ಕೂ, ನೋಂದಣಿ, ಲೈಸೆನ್ಸ್ ಬೇಕೇ ಬೇಕು. ತಕರಾರು ಬೇರೆ ಕಡೆ ಇತ್ತು. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಹೊರಟ ಸೆಸ್ನಾ 180 ಕ್ಷಣಗಳಲ್ಲೇ ಜಿಕೆವಿಕೆ ಆವರಣದಲ್ಲಿ ಬಿದ್ದು ನಟಿ ಸೌಂದರ್ಯ ಸೇರಿ ನಾಲ್ವರು ಸತ್ತರು. ಅದು ಮೈಕ್ರೋಲೈಟ್ ಅಲ್ಲ, ಆದರೆ ಸಣ್ಣ ವಿಮಾನವೇ. ಆಗ ಇಂಥ ಅಪಘಾತಗಳ ತನಿಖೆ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೈಯಲ್ಲಿತ್ತು. ನಿಯಮ ಮಾಡುವವರು, ಲೈಸೆನ್ಸ್ ಕೊಡುವವರು, ತಪ್ಪು ಹುಡುಕುವವರು ಎಲ್ಲ ಒಬ್ಬರೇ! 2010ರಲ್ಲಿ ಮಂಗಳೂರಿನಲ್ಲಿ 158 ಜನ ಸತ್ತಾಗ ಪ್ರತ್ಯೇಕ ಕೋರ್ಟ್ ಆಫ್ ಎನ್‌ಕ್ವೈರಿ ನೇಮಿಸಲಾಯಿತು. ತನಿಖೆಗೇ ಮೀಸಲಾದ ವಿಮಾನ ಅಪಘಾತ ತನಿಖಾ ಬ್ಯೂರೋ, ಅಂದರೆ ಎಎಐಬಿ, ಹುಟ್ಟಿದ್ದು 2012ರಲ್ಲಿ. ಅದೂ ಡಿಜಿಸಿಎ ಇರುವ ಸಚಿವಾಲಯದ ಕೆಳಗೇ ಇದೆ. ಅಮೆರಿಕದ ಎನ್‌ಟಿಎಸ್‌ಬಿ 1975ರಲ್ಲೇ ಸಾರಿಗೆ ಇಲಾಖೆಯಿಂದ ಪೂರ್ತಿ ಹೊರಬಂದಿತ್ತು.

ತೂಕದ ಗೆರೆ ಅಂತಾರಾಷ್ಟ್ರೀಯ ಮಟ್ಟದಲ್ಲೂ ಇದೆ. ಅಪಘಾತವಾದರೆ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆಗೆ ತಿಳಿಸಬೇಕಾದದ್ದು ವಿಮಾನ 2,250 ಕೆಜಿಗಿಂತ ಭಾರ ಇದ್ದಾಗ. ಮೈಕ್ರೋಲೈಟ್‌ನ ತೂಕ ಅದರ ಮೂರನೇ ಒಂದು ಭಾಗವೂ ಇರುವುದಿಲ್ಲ.