ಆಂಟೋನಿಯೊಗೆ ಯಾಕೆ ಅಷ್ಟು ಬೇಜಾರು?

ಶೇಕ್ಸ್‌ಪಿಯರ್‌ನ ನಾಟಕ 'ದಿ ಮರ್ಚೆಂಟ್ ಆಫ್ ವೆನಿಸ್' ಓದಿದವರನ್ನು ಕೇಳಿ, ಬಡ್ಡಿ ಸಾಲ ಕೊಡುವ ಯಹೂದಿ ಶೈಲಾಕ್ ನೆನಪಿರುತ್ತಾನೆ, ನಾಯಕಿ ಪೋರ್ಷಿಯಾ ನೆನಪಿರುತ್ತಾಳೆ. ಹೆಸರಿನಲ್ಲಿರುವ ವ್ಯಾಪಾರಿ ಆಂಟೋನಿಯೊ ಅನ್ನೋದು ಎಷ್ಟೋ ಜನಕ್ಕೆ ಹೊಳೆಯೋದೇ ಇಲ್ಲ. ಮೊದಲ ಸಲ ಓದಿದಾಗ ನಾನೂ ಅದು ಶೈಲಾಕೇ ಅಂದುಕೊಂಡಿದ್ದೆ. ಅದಕ್ಕೇ ಆಂಟೋನಿಯೊ ಪಾತ್ರದ ಬಗ್ಗೆ ಉತ್ತರ ಬರೆಯೋರಿಗೆ ಈ ಮಾತು.

ನಾಟಕದ ಮೊದಲ ಮಾತೇ ಅವನದು: ಯಾಕೋ ಗೊತ್ತಿಲ್ಲ, ನನಗೆ ಬೇಜಾರು. ಹಡಗುಗಳ ಚಿಂತೆ ಇರಬೇಕು ಅಂತಾರೆ ಗೆಳೆಯರು. ಇಲ್ಲಪ್ಪ, ನನ್ನ ಸರಕೆಲ್ಲ ಒಂದೇ ಹಡಗಿನಲ್ಲಿಲ್ಲ ಅಂತ ಲೆಕ್ಕ ಒಪ್ಪಿಸುತ್ತಾನೆ. ಹಾಗಾದ್ರೆ ಪ್ರೀತಿಯಾ? ಅದಕ್ಕೆ ಬರೀ 'ಛೇ ಛೇ'. ಒಂದು ಪ್ರಶ್ನೆಗೆ ವಿವರವಾದ ಉತ್ತರ, ಇನ್ನೊಂದಕ್ಕೆ ಉತ್ತರವೇ ಇಲ್ಲ, ಗಮನಿಸಿದಿರಾ? ಆಮೇಲೆ ಆಪ್ತ ಗೆಳೆಯ ಬಸ್ಸಾನಿಯೊ ಒಬ್ಬನೇ ಸಿಕ್ಕ ತಕ್ಷಣ ಆಂಟೋನಿಯೊ ಕೇಳುವ ಮೊದಲ ಮಾತು, 'ಆ ಹುಡುಗಿ ಯಾರು? ಇವತ್ತು ಹೇಳ್ತೀನಿ ಅಂದಿದ್ದೆಯಲ್ಲ' ಅಂತ. ಅಂದರೆ ಗೆಳೆಯ ಮದುವೆಯ ಗುಂಗಿನಲ್ಲಿದ್ದಾನೆ ಅಂತ ಅವನಿಗೆ ಮೊದಲೇ ಗೊತ್ತು. ಬೇಜಾರಿನ ಬೇರು ಇಲ್ಲೇ ಇದೆ ಅನ್ನೋದು ನನ್ನ ಓದು. ಅವನಿಗೆ ಈ ಲೋಕ ಬೇಕಾಗಿರೋದೇ ಬಸ್ಸಾನಿಯೊಗಾಗಿ ಅಂತ ಎರಡನೇ ಅಂಕದಲ್ಲಿ ಒಬ್ಬ ಗೆಳೆಯ ಹೇಳಿಬಿಡುತ್ತಾನೆ. ಉತ್ತರದಲ್ಲಿ ಇದನ್ನು ಬಿಡಬೇಡಿ.

ಅದೇ ದೃಶ್ಯದಲ್ಲಿ ಇನ್ನೊಂದು ತಮಾಷೆ ಇದೆ. ಈಗಷ್ಟೇ ನನ್ನ ಆಸ್ತಿಯೆಲ್ಲ ಈ ಹಡಗುಗಳನ್ನೇ ನಂಬಿಕೊಂಡಿಲ್ಲ ಅಂದವನು, ಪೋರ್ಷಿಯಾಳನ್ನು ಒಲಿಸಿಕೊಳ್ಳಲು ಹೋಗೋಕೆ ಬಸ್ಸಾನಿಯೊ ದುಡ್ಡು ಕೇಳಿದಾಗ ನನ್ನದೆಲ್ಲ ಸಮುದ್ರದ ಮೇಲಿದೆ, ಕೈಯಲ್ಲಿ ಕಾಸಿಲ್ಲ, ನನ್ನ ಹೆಸರಲ್ಲಿ ಸಾಲ ತೆಗೋ ಅಂತಾನೆ. ಸಾಲ ಕೊಡೋನು ಶೈಲಾಕ್: 3000 ಡುಕಾಟ್ (ಆಗಿನ ಚಿನ್ನದ ನಾಣ್ಯ), ಮೂರು ತಿಂಗಳ ವಾಯಿದೆ, ತಪ್ಪಿದರೆ ಆಂಟೋನಿಯೊ ಮೈಯಿಂದ ಒಂದು ಪೌಂಡ್ ಮಾಂಸ. ಜಾಣ ವ್ಯಾಪಾರಿ ಯಾರೂ ಸಹಿ ಹಾಕದ ಪತ್ರ ಅದು.

ಇಷ್ಟಕ್ಕೆ 'ಆಂಟೋನಿಯೊ ಆದರ್ಶ ಗೆಳೆಯ' ಅಂತ ಬರೆದು ಮುಗಿಸುವವರೇ ಜಾಸ್ತಿ. ಆದರೆ ಅವನು ಶೈಲಾಕ್‌ನನ್ನು ನಾಯಿ ಅಂದವನು, ಮೈಮೇಲೆ ಉಗಿದವನು. ಅದನ್ನು ಶೈಲಾಕ್ ಎತ್ತಿ ಆಡಿದರೆ, ಇನ್ನೊಂದು ಸಲವೂ ಉಗಿಯುತ್ತೇನೆ ಅಂತಾನೆ, ಅದೂ ಸಾಲ ಕೇಳಲು ನಿಂತಾಗ! ಕೊನೆಗೆ ಸಾಲ ತೀರದೆ ವಿಷಯ ಕೋರ್ಟಿಗೆ ಹೋಗಿ ಅಲ್ಲಿ ಶೈಲಾಕ್ ಸೋತ ಮೇಲೆ, ಅವನು ಯಹೂದಿ ಧರ್ಮ ಬಿಟ್ಟು ಕ್ರೈಸ್ತನಾಗಬೇಕು ಅನ್ನುವ ಷರತ್ತು ಹಾಕೋದೂ ಇವನೇ. ತನ್ನವರ ಮೇಲೆ ಪ್ರಾಣ, ಹೊರಗಿನವನ ಮೇಲೆ ಬರೀ ತಿರಸ್ಕಾರ. ಎರಡನ್ನೂ ಬರೆದರೆ ಮಾತ್ರ ಪಾತ್ರ ಪೂರ್ತಿಯಾಗುತ್ತದೆ.

ಆ ನಿಷ್ಠೆಯೂ ಅಷ್ಟು ಸರಳ ಅಲ್ಲ. ಸಾಲಕ್ಕೆ ಬಡ್ಡಿ ಕೇಳದ ಮನುಷ್ಯ ಪ್ರೀತಿಯ ವಿಷಯದಲ್ಲಿ ಮಾತ್ರ ಬಾಕಿ ನೆನಪಿಸುತ್ತಾನೆ. ಮೂರನೇ ಅಂಕದಲ್ಲಿ ಅವನು ಬಸ್ಸಾನಿಯೊಗೆ ಬರೆದ ಪತ್ರ ನೋಡಿ: ನಾನು ಸಾಯುವಾಗ ನಿನ್ನ ಮುಖ ನೋಡಿದರೆ ಸಾಕು, ನಮ್ಮ ಲೆಕ್ಕ ಚುಕ್ತಾ. ಅದು ಬರೋದು ಬಸ್ಸಾನಿಯೊ ಪೋರ್ಷಿಯಾಳನ್ನು ಗೆದ್ದ ಗಳಿಗೆಯಲ್ಲೇ. ಕೋರ್ಟಿನಲ್ಲಿ ತಾನು ಮಂದೆಯಲ್ಲಿನ ರೋಗದ ಟಗರು, ಸಾಯೋಕೆ ತಾನೇ ಸರಿ ಅಂತಾನೆ. ನಾನು ನಿನ್ನನ್ನು ಹೇಗೆ ಪ್ರೀತಿಸಿದೆ ಅಂತ ನಿನ್ನ ಹೆಂಡತಿಗೆ ಹೇಳು, ಬಸ್ಸಾನಿಯೊಗೂ ಒಮ್ಮೆ ಒಂದು ಪ್ರೀತಿ ಇರಲಿಲ್ಲವಾ ಅಂತ ಅವಳೇ ತೀರ್ಮಾನಿಸಲಿ ಅಂತಾನೆ. ಆಮೇಲೆ ಉಂಗುರದ ಪ್ರಸಂಗ: ಯಾವತ್ತೂ ಬಿಚ್ಚಬೇಡ ಅಂತ ಪೋರ್ಷಿಯಾ ಬಸ್ಸಾನಿಯೊಗೆ ಕೊಟ್ಟ ಉಂಗುರವನ್ನು, ಆಂಟೋನಿಯೊನನ್ನು ಕೋರ್ಟಿನಲ್ಲಿ ಉಳಿಸಿದ ವಕೀಲ (ವೇಷ ಮರೆಸಿಕೊಂಡ ಪೋರ್ಷಿಯಾಳೇ) ಕೇಳುತ್ತಾನೆ. ವಕೀಲನಿಗೆ ಉಂಗುರ ಕೊಟ್ಟುಬಿಡು, ನಿನ್ನ ಹೆಂಡತಿಯ ಮಾತಿನ ಜೊತೆ ನನ್ನ ಪ್ರೀತಿಯನ್ನೂ ತೂಗಿ ನೋಡು ಅಂತ ಒತ್ತಾಯಿಸೋದು ಆಂಟೋನಿಯೊನೇ. ಇದನ್ನು ಸ್ವಾರ್ಥ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಆದರೆ ಪಾಪದ ತ್ಯಾಗಮೂರ್ತಿ ಅಂತ ಸುಮ್ನೆ ಒಪ್ಪೋದೂ ಕಷ್ಟ.

ಈ ಕಥೆಯ ಹಳೆಯ ಇಟಾಲಿಯನ್ ರೂಪದಲ್ಲಿ ವ್ಯಾಪಾರಿ ಆ ಯುವಕನಿಗೆ ತಂದೆಯ ಸ್ಥಾನದಲ್ಲಿರುತ್ತಾನೆ, ಕೊನೆಗೆ ಅವನಿಗೂ ಒಂದು ಮದುವೆಯಾಗುತ್ತದೆ. ಶೇಕ್ಸ್‌ಪಿಯರ್ ಎರಡನ್ನೂ ತೆಗೆದುಹಾಕಿದ. ಐದನೇ ಅಂಕದಲ್ಲಿ ಪೋರ್ಷಿಯಾ ಮೂರು ಹಡಗು ಬಂದರು ಸೇರಿದ ಸುದ್ದಿ ಕೊಡುತ್ತಾಳೆ, ಆಂಟೋನಿಯೊಗೆ ಮಾತೇ ಹೊರಡುವುದಿಲ್ಲ. ವೇದಿಕೆಯ ಮೇಲೆ ಆಗ ಮೂರು ಜೋಡಿಗಳಿವೆ, ಅವನಿಗೆ ಜೊತೆ ಯಾರೂ ಇಲ್ಲ.