ಆರ್ಮ್‌ಸ್ಟ್ರಾಂಗ್ ಪ್ರಕರಣ: ಒಂದೇ ಹೆಸರು, ಐದು ಕಟಕಟೆ

2012ರ ಫೆಬ್ರುವರಿ 3ರಂದು ಲಾಸ್ ಏಂಜಲೀಸ್‌ನ ಫೆಡರಲ್ ಪ್ರಾಸಿಕ್ಯೂಟರ್ ಕಚೇರಿ, ಉದ್ದೀಪನ ಮದ್ದಿನ (ಡೋಪಿಂಗ್) ಆರೋಪ ಹೊತ್ತಿದ್ದ ಅಮೆರಿಕದ ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಮೇಲಿನ ತನಿಖೆಯನ್ನು ಮುಗಿಸಿರುವುದಾಗಿ ಪ್ರಕಟಿಸಿತು. ಕಾರಣ ಹೇಳಲಿಲ್ಲ. ಅಭಿಮಾನಿಗಳ ಒಂದು ಬಣ ‘ಕೇಸ್ ಬಿದ್ದುಹೋಯಿತು, ಆತ ನಿರ್ದೋಷಿ’ ಎಂದು ಸಂಭ್ರಮಿಸಿತು. ಇನ್ನೊಂದು ಬಣ ‘ಒತ್ತಡಕ್ಕೆ ಮಣಿದರು, ಇನ್ನು ಏನೂ ಆಗುವುದಿಲ್ಲ’ ಎಂದು ಕೈಚೆಲ್ಲಿತು. ಒಂಬತ್ತು ತಿಂಗಳು ತುಂಬುವುದರೊಳಗೆ ಫ್ರಾನ್ಸಿನ ಹೆಸರಾಂತ ಸೈಕಲ್ ಸ್ಪರ್ಧೆ ಟೂರ್ ಡಿ ಫ್ರಾನ್ಸ್‌ನಲ್ಲಿ ಆತ ಗೆದ್ದಿದ್ದ ಏಳೂ ಪ್ರಶಸ್ತಿಗಳು ಹೋದವು. ಎರಡೂ ಬಣಗಳು ತಪ್ಪಿದ್ದು ಒಂದೇ ಕಡೆ: ಇರುವುದು ಒಂದೇ ಕೇಸ್ ಎಂದುಕೊಂಡಿದ್ದರು.

ಕ್ರೀಡಾ ಕಾನೂನು ಓದುವವರು ಡೋಪಿಂಗ್ ಪ್ರಕರಣ ಕಂಡಾಗ ‘ಮದ್ದು ತೆಗೆದುಕೊಂಡನೋ ಇಲ್ಲವೋ’ ಎಂಬಲ್ಲಿಂದ ಶುರು ಮಾಡಬಾರದು. ದೂರು ಯಾರದು? ಯಾವ ನಿಯಮದ ಕೆಳಗೆ? ಪುರಾವೆ ಎಷ್ಟು ಗಟ್ಟಿ ಇರಬೇಕು? ಕಾಲಮಿತಿ ಎಲ್ಲಿಗೆ ಮುಗಿಯುತ್ತದೆ? ಸೋತರೆ ಹೋಗುವುದು ಪದಕವೋ, ಹಣವೋ, ಸ್ವಾತಂತ್ರ್ಯವೋ? ಆರ್ಮ್‌ಸ್ಟ್ರಾಂಗ್ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಐದು ಕಡೆ ಐದು ಬಗೆಯ ಉತ್ತರ ಇದ್ದವು.

ಮೂರು ತಕ್ಕಡಿ

ಕ್ರಿಮಿನಲ್ ಕೋರ್ಟಿನಲ್ಲಿ ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧ ಸಾಬೀತಾಗಬೇಕು. ಸಿವಿಲ್ ದಾವೆಯಲ್ಲಿ ‘ಹೀಗೆ ಆಗಿರುವ ಸಾಧ್ಯತೆಯೇ ಹೆಚ್ಚು’ ಎಂದು ತೋರಿಸಿದರೆ ಸಾಕು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, ಅಂದರೆ ವಾಡಾದ, ಸಂಹಿತೆಯ ಅಳತೆ ಇವೆರಡರ ನಡುವಿನದು: ಆರೋಪದ ಗಾಂಭೀರ್ಯಕ್ಕೆ ತಕ್ಕಂತೆ ತೀರ್ಪುಗಾರರ ಮನಸ್ಸಿಗೆ ಸಮಾಧಾನವಾಗುವಷ್ಟು ಪುರಾವೆ. ಅದೇ ಸಾಕ್ಷಿ, ಅದೇ ಮಾತು ಒಂದು ತಕ್ಕಡಿಯಲ್ಲಿ ಹಗುರಾಗಿ ಇನ್ನೊಂದರಲ್ಲಿ ಭಾರವಾಗಬಹುದು.

ಸಂಹಿತೆಯಲ್ಲಿ ಇನ್ನೊಂದು ವಿಶೇಷವಿದೆ. ಮಾದರಿಯಲ್ಲಿ ನಿಷೇಧಿತ ವಸ್ತು ಸಿಕ್ಕರೆ ಉದ್ದೇಶ ಏನಿತ್ತು ಎಂದು ಸಾಬೀತು ಮಾಡುವ ಹೊರೆ ಸಂಸ್ಥೆಯ ಮೇಲಿಲ್ಲ. 2010ರ ಟೂರ್‌ನಲ್ಲಿ ಸ್ಪೇನಿನ ಸವಾರ ಆಲ್ಬರ್ಟೊ ಕಾಂಟಡಾರ್ ಮೂತ್ರದಲ್ಲಿ ಸಿಕ್ಕಿದ್ದು ಮಿಲಿಲೀಟರಿಗೆ 50 ಪಿಕೊಗ್ರಾಂ ನಿಷೇಧಿತ ಮದ್ದು ಕ್ಲೆನ್‌ಬ್ಯುಟೆರಾಲ್. ಒಂದು ಗ್ರಾಂ‌ ಅನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೊಗ್ರಾಂ. ಅಷ್ಟು ಕಡಿಮೆ ಪ್ರಮಾಣಕ್ಕೂ, ಮಾಂಸದಿಂದ ಬಂತೆಂಬ ವಿವರಣೆ ಕೊಟ್ಟ ಮೇಲೂ, ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2012ರ ಫೆಬ್ರುವರಿಯಲ್ಲಿ ಎರಡು ವರ್ಷದ ನಿಷೇಧ ಹಾಕಿತು. ಆರ್ಮ್‌ಸ್ಟ್ರಾಂಗ್ ಪ್ರಕರಣ ಇದಕ್ಕೆ ತದ್ವಿರುದ್ಧ. ಅಲ್ಲಿ ಮುಖ್ಯ ಆಧಾರ ಪ್ರಯೋಗಾಲಯದ ವರದಿಯಲ್ಲ, ಸಹಸವಾರರು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗಳು.

‘ಒಮ್ಮೆಯೂ ಸಿಕ್ಕಿಬೀಳಲಿಲ್ಲ’ ಎಂಬ ವಾದ

ಅಭಿಮಾನಿಗಳ ಅತಿ ದೊಡ್ಡ ಗುರಾಣಿ ಇದು. ಪರೀಕ್ಷೆ ಏನನ್ನು ಹಿಡಿಯಬಲ್ಲದು, ಏನನ್ನು ಹಿಡಿಯಲಾರದು ಎಂದು ಗೊತ್ತಾದರೆ ಗುರಾಣಿ ಎಷ್ಟು ತೆಳು ಎಂದು ತಿಳಿಯುತ್ತದೆ.

ಆರ್ಮ್‌ಸ್ಟ್ರಾಂಗ್ ಮೊದಲ ಟೂರ್ ಗೆದ್ದ 1999ರಲ್ಲಿ, ಕೆಂಪು ರಕ್ತಕಣ ಹೆಚ್ಚಿಸುವ ಇಪಿಒ ಪತ್ತೆಗೆ ಮಾನ್ಯ ಪರೀಕ್ಷೆಯೇ ಇರಲಿಲ್ಲ. ಅದು ಮೊದಲು ಬಳಕೆಯಾದದ್ದು 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ. ಅದಕ್ಕೂ ಮುಂಚೆ, 1997ರಿಂದ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಹಿಮಟೋಕ್ರಿಟ್‌ಗೆ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲಿಗೆ, 50 ಶೇಕಡ ಮಿತಿ ಇಟ್ಟಿತ್ತು. ಮೀರಿದರೆ ‘ಆರೋಗ್ಯದ ವಿಶ್ರಾಂತಿ’, ಡೋಪಿಂಗ್ ದೋಷವಲ್ಲ. ಈ ಅಂಕಿಯನ್ನು ಇಳಿಸುವುದು ಕಷ್ಟವಲ್ಲ. 5 ಲೀಟರ್ ರಕ್ತದಲ್ಲಿ 51 ಶೇಕಡ ಕಣ ಎಂದರೆ 2.55 ಲೀಟರ್. ಅರ್ಧ ಲೀಟರ್ ಸಲೈನ್ ನರಕ್ಕೆ ಏರಿಸಿದರೆ ಒಟ್ಟು 5.5 ಲೀಟರ್ ಆಗಿ ಪಾಲು ಸುಮಾರು 46ಕ್ಕೆ ಇಳಿಯುತ್ತದೆ. ಕಣಗಳು ಅಷ್ಟೇ ಇವೆ, ಲೆಕ್ಕ ಮಾತ್ರ ತಿಳಿಯಾಯಿತು. 1998ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಪಾಸಣೆಯವರು ಬಾಗಿಲಲ್ಲಿರುವಾಗಲೇ ಹೀಗೆ ಮಾಡಿದ ವಿವರ ಸಾಕ್ಷ್ಯದಲ್ಲಿ ದಾಖಲಾಗಿದೆ.

ಇಪಿಒ ಪರೀಕ್ಷೆ ಬಂದ ಮೇಲೆ ಚರ್ಮದಡಿ ಚುಚ್ಚುವುದನ್ನು ಬಿಟ್ಟು ಸಣ್ಣ ಪ್ರಮಾಣವನ್ನು ರಾತ್ರಿ ನೇರ ನರಕ್ಕೆ ಕೊಡುವ ರೂಢಿ ಬಂತು. ಪತ್ತೆಯಾಗುವ ಅವಧಿ ಗಂಟೆಗಳಿಗೆ ಇಳಿಯಿತು. ತನ್ನದೇ ರಕ್ತವನ್ನು ತೆಗೆದಿಟ್ಟು ಮತ್ತೆ ಏರಿಸಿಕೊಂಡರೆ ಆ ಕಾಲದಲ್ಲಿ ನೇರ ಪರೀಕ್ಷೆಯೇ ಇರಲಿಲ್ಲ. ಬೇರೆಯವರ ರಕ್ತವಾದರೆ ಹಿಡಿಯಬಹುದಿತ್ತು. 2004ರಲ್ಲಿ ಆರ್ಮ್‌ಸ್ಟ್ರಾಂಗ್‌ನ ಮಾಜಿ ಸಹಸವಾರ ಟೈಲರ್ ಹ್ಯಾಮಿಲ್ಟನ್ ಸಿಕ್ಕಿದ್ದು ಹಾಗೆ. ರಕ್ತದ ಅಂಕಿಗಳನ್ನು ತಿಂಗಳುಗಟ್ಟಲೆ ಹೋಲಿಸುವ ಜೈವಿಕ ಪಾಸ್‌ಪೋರ್ಟ್ ಬಂದದ್ದು 2008ರಲ್ಲಿ.

ಇಲ್ಲೊಂದು ಸೂಕ್ಷ್ಮ. 1999ರ ಟೂರ್‌ನ ಉಳಿಕೆ ಮಾದರಿಗಳನ್ನು ನಂತರ ಸಂಶೋಧನೆಗೆಂದು ಪರೀಕ್ಷಿಸಿದಾಗ ಅವನ ಆರು ಮಾದರಿಗಳಲ್ಲಿ ಇಪಿಒ ಕಂಡಿತೆಂದು 2005ರ ಆಗಸ್ಟ್‌ನಲ್ಲಿ ಫ್ರೆಂಚ್ ಪತ್ರಿಕೆ ಲೆಕಿಪ್ ಬರೆಯಿತು. ಆದರೂ ಶಿಕ್ಷೆ ಆಗಲಿಲ್ಲ. ಪ್ರತಿ ಮಾದರಿಯನ್ನೂ ಎ, ಬಿ ಎಂದು ಎರಡು ಪಾಲು ಮಾಡಿಡುತ್ತಾರೆ. ಎ ಮಾದರಿ 1999ರಲ್ಲೇ ಖರ್ಚಾಗಿತ್ತು, ಉಳಿದದ್ದು ಬಿ ಮಾತ್ರ. ಒಂದು ಇನ್ನೊಂದನ್ನು ದೃಢಪಡಿಸಬೇಕೆಂಬ ನಿಯಮ ಪಾಲಿಸಲು ದಾರಿಯೇ ಇರಲಿಲ್ಲ. ವೈಜ್ಞಾನಿಕವಾಗಿ ತೂಕವಿರುವುದೆಲ್ಲ ಶಿಸ್ತುಕ್ರಮಕ್ಕೆ ಒದಗುವುದಿಲ್ಲ.

ಗ್ರ್ಯಾಂಡ್ ಜ್ಯೂರಿ: ಯಾಕೆ ನಿಂತಿತು?

ಮೊದಲು ಹೇಳಿದ ಫೆಡರಲ್ ತನಿಖೆ ನಡೆದದ್ದು ಗ್ರ್ಯಾಂಡ್ ಜ್ಯೂರಿಯ ಮುಂದೆ, ಅಂದರೆ ದೋಷಾರೋಪ ಹೊರಿಸಲು ಆಧಾರವಿದೆಯೇ ಎಂದು ಗುಟ್ಟಾಗಿ ನೋಡುವ ನಾಗರಿಕರ ಮಂಡಳಿಯ ಮುಂದೆ. ಆಗ ಆಟಗಾರ ಮದ್ದು ತೆಗೆದುಕೊಂಡು ಓಡುವುದೇ ಒಂದು ಫೆಡರಲ್ ಅಪರಾಧವಾಗಿರಲಿಲ್ಲ. ಹಾಗಾಗಿ ತನಿಖೆ ಹಿಡಿದ ಎಳೆ ವಂಚನೆಯದು: ತಂಡದ ಪ್ರಾಯೋಜಕ ಅಮೆರಿಕದ ಅಂಚೆ ಇಲಾಖೆ, ‘ಶುದ್ಧ ತಂಡ’ ಎಂದು ನಂಬಿಸಿ ಅದರ ಹಣ ಪಡೆದರೇ? ಆ ಪ್ರಾಯೋಜಕತ್ವ ಮುಗಿದದ್ದು 2004ರಲ್ಲಿ, ತನಿಖೆ ಬಿರುಸಾದದ್ದು 2010ರಲ್ಲಿ. ಹೆಚ್ಚಿನ ಫೆಡರಲ್ ಅಪರಾಧಗಳಿಗೆ ಕಾಲಮಿತಿ 5 ವರ್ಷ. ಸಂಚು 2005ರ ನಂತರವೂ ಮುಂದುವರಿಯಿತೆಂದು ತೋರಿಸದೆ ಆ ಗೋಡೆ ದಾಟಲಾಗದು. ಪ್ರಾಸಿಕ್ಯೂಟರ್ ಬಾಯಿ ಬಿಡದಿದ್ದರೂ ಕ್ಯಾಲೆಂಡರ್ ಇಷ್ಟನ್ನು ಹೇಳುತ್ತದೆ.

ಗ್ರ್ಯಾಂಡ್ ಜ್ಯೂರಿಯ ಗುಟ್ಟು ಕಾಯುವ ನಿಯಮ ಪ್ರಾಸಿಕ್ಯೂಟರ್ ಮತ್ತು ಜ್ಯೂರಿ ಸದಸ್ಯರಿಗೆ ಕಡ್ಡಾಯ. ಸಾಕ್ಷಿ ಹೇಳಿದವರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ‘ಒಳಗಿನ ಸುದ್ದಿ’ ಎಂದು ಬಂದದ್ದು ಸಾಕ್ಷಿಯ ಅಥವಾ ಅವರ ವಕೀಲರ ಕಡೆಯದ್ದಾಗಿರಬಹುದು, ಅದರಲ್ಲಿ ಅವರ ಹಿತವೂ ಬೆರೆತಿರಬಹುದು. ಇನ್ನು, ದೋಷಾರೋಪವಿಲ್ಲದೆ ತನಿಖೆ ನಿಂತರೆ ಅದು ಖುಲಾಸೆಯಲ್ಲ. ವಿಚಾರಣೆಯೇ ಆಗದವನಿಗೆ ‘ಒಂದೇ ಅಪರಾಧಕ್ಕೆ ಎರಡು ವಿಚಾರಣೆ ಇಲ್ಲ’ ಎಂಬ ರಕ್ಷಣೆಯೂ ಸಿಗದು.

ಯುಸಾಡಾ: ಗಡುವನ್ನು ದಾಟಿದ್ದು ಹೇಗೆ

ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಯುಸಾಡಾ 2012ರ ಜೂನ್‌ನಲ್ಲಿ ಆರೋಪ ಹೊರಿಸಿತು. ಅದನ್ನು ತಡೆಯಲು ಆರ್ಮ್‌ಸ್ಟ್ರಾಂಗ್ ಆಸ್ಟಿನ್‌ನ ಫೆಡರಲ್ ಕೋರ್ಟಿಗೆ ಹೋದ. ನ್ಯಾಯಾಧೀಶ ಸ್ಯಾಮ್ ಸ್ಪಾರ್ಕ್ಸ್ ಆಗಸ್ಟ್ 20ರಂದು ದಾವೆ ವಜಾ ಮಾಡಿದರು. ಮಧ್ಯಸ್ಥಿಕೆ ಬೇಕೋ ಬೇಡವೋ ಎಂದು ಹೇಳಲು ಮೂರು ದಿನ ಉಳಿದಿತ್ತು. ಆತ ಬೇಡ ಎಂದ. ಅದು ತಪ್ಪೊಪ್ಪಿಗೆ ಅಲ್ಲ ಎಂಬ ಅಭಿಮಾನಿಗಳ ವಾದ ಮಾತಿನ ಮಟ್ಟಿಗೆ ಸರಿ. ಆದರೆ ನಿಯಮದ ಪ್ರಕಾರ, ಆರೋಪವನ್ನು ಎದುರಿಸದಿದ್ದರೆ ಶಿಕ್ಷೆ ತಾನಾಗಿ ಜಾರಿಯಾಗುತ್ತದೆ. ಆಜೀವ ನಿಷೇಧದ ಜತೆ 1998ರ ಆಗಸ್ಟ್ 1ರಿಂದಾಚೆಗಿನ ಎಲ್ಲ ಫಲಿತಾಂಶಗಳು ರದ್ದಾದವು. ಅಕ್ಟೋಬರ್ 10ರಂದು ಕಾರಣಗಳ ಸಮೇತ ನಿರ್ಣಯ ಹೊರಬಂತು: 1,000ಕ್ಕೂ ಹೆಚ್ಚು ಪುಟಗಳ ಪುರಾವೆ, 26 ಜನರ ಹೇಳಿಕೆ, ಅವರಲ್ಲಿ 11 ಮಂದಿ ಆತನದೇ ತಂಡದ ಸವಾರರು. 22ರಂದು ಯುಸಿಐ ಒಪ್ಪಿತು.

ಓದುವವರು ನಿಲ್ಲಬೇಕಾದ ಜಾಗ ಇದು. ಆಗಿನ ಸಂಹಿತೆಯ ಕಾಲಮಿತಿ 8 ವರ್ಷ (2015ರಿಂದ 10). 2012ರ ಜೂನ್‌ನಿಂದ ಹಿಂದಕ್ಕೆ ಎಣಿಸಿದರೆ 2004ರ ಜೂನ್. ಬರೀ ಎಣಿಕೆಯಾದರೆ 2004 ಮತ್ತು 2005ರ ಟೂರ್‌ಗಳಷ್ಟೇ ಹೋಗಬೇಕಿತ್ತು. ಯುಸಾಡಾದ ವಾದ: ಪ್ರಮಾಣ ಮಾಡಿ ಸುಳ್ಳು ಹೇಳಿ, ಸಾಕ್ಷಿಗಳನ್ನು ಬೆದರಿಸಿ ಸತ್ಯವನ್ನು ಮುಚ್ಚಿಟ್ಟವನಿಗೆ ಗಡಿಯಾರ ಓಡುವುದಿಲ್ಲ. ಸುಳ್ಳು ಸಾಕ್ಷ್ಯ ನುಡಿದ ಮ್ಯಾರಥಾನ್ ಓಟಗಾರ ಎಡ್ಡಿ ಹೆಲೆಬುಕ್ ಪ್ರಕರಣದಲ್ಲಿ ಮಧ್ಯಸ್ಥರು ಇದನ್ನೇ ಒಪ್ಪಿದ್ದರು. ಆರ್ಮ್‌ಸ್ಟ್ರಾಂಗ್ ವಿಷಯದಲ್ಲಿ ಈ ವಾದ ಪರೀಕ್ಷೆಗೆ ಒಳಗಾಗಲೇ ಇಲ್ಲ. ಕಣದಿಂದ ಹಿಂದೆ ಸರಿದು ಆತ ತನ್ನ ಅತ್ಯಂತ ಗಟ್ಟಿ ಕಾನೂನು ವಾದವನ್ನೇ ಬಿಟ್ಟುಕೊಟ್ಟ ಎಂಬುದು ನನ್ನ ಅಭಿಪ್ರಾಯ. ಹೋರಾಡಿದ್ದರೆ ಗೆಲ್ಲುತ್ತಿದ್ದ ಎಂದಲ್ಲ. ತಂಡದ ನಿರ್ದೇಶಕ ಯೋಹಾನ್ ಬ್ರುನೀಲ್ ಹೋರಾಡಿ 2014ರಲ್ಲಿ 10 ವರ್ಷದ ನಿಷೇಧ ಪಡೆದ. 2018ರಲ್ಲಿ ಅದು ಆಜೀವ ನಿಷೇಧವಾಯಿತು.

ಸುಳ್ಳು ಬಿಲ್ಲಿನ ಕಾಯ್ದೆ

ಅತಿ ಹೆಚ್ಚು ಊಹೆ ಹುಟ್ಟಿಸಿದ ದಾವೆ ಇದು. ಅಮೆರಿಕದಲ್ಲಿ ಅಂತರ್ಯುದ್ಧದ ಕಾಲದಿಂದ ಇರುವ ಈ ಕಾಯ್ದೆಯ (ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್) ಪ್ರಕಾರ, ಸರ್ಕಾರಕ್ಕೆ ಸುಳ್ಳು ಬೇಡಿಕೆ ಸಲ್ಲಿಸಿ ಹಣ ಪಡೆದವರ ಮೇಲೆ ಖಾಸಗಿ ವ್ಯಕ್ತಿಯೂ ಸರ್ಕಾರದ ಪರವಾಗಿ ದಾವೆ ಹೂಡಬಹುದು. ಮಾಜಿ ಸಹಸವಾರ ಫ್ಲಾಯ್ಡ್ ಲ್ಯಾಂಡಿಸ್ 2010ರ ಜೂನ್‌ನಲ್ಲಿ ಹೂಡಿದ. ಇಂಥ ದಾವೆ ಮೊದಲು ಮೊಹರಿನಡಿ ಗುಟ್ಟಾಗಿರುತ್ತದೆ. ಕೈಜೋಡಿಸಬೇಕೋ ಬೇಡವೋ ಎಂದು ಸರ್ಕಾರ ಅಷ್ಟರೊಳಗೆ ನಿರ್ಧರಿಸುತ್ತದೆ. ಹೆಸರಿಗೆ 60 ದಿನ, ಇಲ್ಲಿ ಎರಡೂವರೆ ವರ್ಷ ದಾಟಿತು. 2013ರ ಫೆಬ್ರುವರಿಯಲ್ಲಿ ಸರ್ಕಾರ ಸೇರಿಕೊಂಡಿತು.

‘ಲ್ಯಾಂಡಿಸ್ ತಾನೇ ಮದ್ದು ತೆಗೆದುಕೊಂಡು 2006ರ ಟೂರ್ ಕಳೆದುಕೊಂಡವನು, ವರ್ಷಗಟ್ಟಲೆ ಸುಳ್ಳು ಹೇಳಿದವನು, ಅವನ ಮಾತಿಗೆ ಬೆಲೆಯಿಲ್ಲ’ ಎಂದವರು ಬಹಳ. ಆ ವಿವರ ನಿಜ. ಆದರೆ ಈ ಕಾಯ್ದೆ ಸಂತರನ್ನು ಹುಡುಕುವುದಿಲ್ಲ, ಒಳಗಿದ್ದವರನ್ನು ಹುಡುಕುತ್ತದೆ. ಅಷ್ಟರಲ್ಲಿ ಹತ್ತಾರು ಹೇಳಿಕೆಗಳೂ ಆರ್ಮ್‌ಸ್ಟ್ರಾಂಗ್‌ನ 2013ರ ಜನವರಿಯ ಟಿವಿ ಒಪ್ಪಿಗೆಯೂ (ಅದನ್ನು ಕೊನೆಯಲ್ಲಿ ನೋಡೋಣ) ಇದ್ದುದರಿಂದ ಲ್ಯಾಂಡಿಸ್ ಒಬ್ಬನ ಮಾತಿನ ಮೇಲೆ ಏನೂ ನಿಂತಿರಲಿಲ್ಲ.

ಇನ್ನು, ಸೋತರೆ ಆರ್ಮ್‌ಸ್ಟ್ರಾಂಗ್ ತೆರಬೇಕಾದೀತು ಎಂದು ಹರಿದಾಡಿದ ‘10 ಕೋಟಿ ಡಾಲರ್’ ಎಂಬ ಅಂಕಿ. ಅಂಚೆ ಇಲಾಖೆ ಕೊಟ್ಟದ್ದು ಸುಮಾರು 3.23 ಕೋಟಿ ಡಾಲರ್. ಕಾಯ್ದೆ ನಷ್ಟವನ್ನು ಮೂರು ಪಟ್ಟು ಮಾಡುತ್ತದೆ, ಆಗ ಸುಮಾರು 9.7 ಕೋಟಿ. ಜತೆಗೆ ಪ್ರತಿ ಸುಳ್ಳು ಬಿಲ್ಲಿಗೆ 5,500ರಿಂದ 11,000 ಡಾಲರ್ ದಂಡ. 41 ಬಿಲ್‌ಗಳಿಗೆ 2,25,500ರಿಂದ 4,51,000. ಇಲ್ಲಿ ಎಲ್ಲರೂ ಎಡವುವುದು ‘ನಷ್ಟ’ ಎಂಬ ಪದದಲ್ಲಿ. ಮೂರು ಪಟ್ಟಾಗುವುದು ಕೊಟ್ಟ ಹಣವಲ್ಲ, ಕೊಟ್ಟದ್ದಕ್ಕೂ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ. ಪ್ರಚಾರದಿಂದ ಇಲಾಖೆಗೆ 10 ಕೋಟಿ ಡಾಲರ್‌ಗೂ ಮಿಕ್ಕಿದ ಲಾಭವಾಗಿದೆ, ನಷ್ಟ ಸೊನ್ನೆ ಎಂದು ಪ್ರತಿವಾದಿಯ ಕಡೆಯವರು ವಾದಿಸಿದರು. ಮೋಸ ಗೊತ್ತಿದ್ದರೆ ಬಿಡಿಗಾಸೂ ಕೊಡುತ್ತಿರಲಿಲ್ಲ, ಹಗರಣದ ಕೆಟ್ಟ ಹೆಸರೂ ಲೆಕ್ಕಕ್ಕೆ ಬರಬೇಕು ಎಂದು ಸರ್ಕಾರ ವಾದಿಸಿತು. 2017ರ ಫೆಬ್ರುವರಿಯಲ್ಲಿ ನ್ಯಾಯಾಧೀಶ ಕ್ರಿಸ್ಟೋಫರ್ ಕೂಪರ್ ಇದನ್ನು ಜ್ಯೂರಿಯೇ ತೀರ್ಮಾನಿಸಲಿ ಎಂದರು. ಜ್ಯೂರಿ 20 ಲಕ್ಷ ನಷ್ಟ ಎಂದರೆ 60 ಲಕ್ಷ, ಸೊನ್ನೆ ಎಂದರೆ ದಂಡ ಮಾತ್ರ, ಪೂರ್ತಿ ಎಂದರೆ ದಿವಾಳಿ. ಇಷ್ಟು ಅಗಲದ ಅನಿಶ್ಚಿತತೆ ಇದ್ದಾಗ ರಾಜಿ ಸಹಜ. ವಿಚಾರಣೆಗೆ ಮೂರು ವಾರವೂ ಉಳಿದಿಲ್ಲದಾಗ, 2018ರ ಏಪ್ರಿಲ್ 19ರಂದು, 50 ಲಕ್ಷ ಡಾಲರಿಗೆ ಮುಗಿಯಿತು. ಅದರಲ್ಲಿ 11 ಲಕ್ಷ ಲ್ಯಾಂಡಿಸ್‌ಗೆ, ಅಂದರೆ 22 ಶೇಕಡ. ಸರ್ಕಾರ ಕೈಜೋಡಿಸಿದ ದಾವೆಯಲ್ಲಿ ಕಾಯ್ದೆ ಕೊಡುವ ಪಾಲು 15ರಿಂದ 25. ಅವನ ವಕೀಲರ ಖರ್ಚು 16.5 ಲಕ್ಷ ಬೇರೆ.

ಉಳಿದೆರಡು

ಎಸ್‌ಸಿಎ ಪ್ರಮೋಷನ್ಸ್ ಆರ್ಮ್‌ಸ್ಟ್ರಾಂಗ್ ಗೆದ್ದರೆ ಸಲ್ಲಬೇಕಾದ ಬೋನಸ್ ತುಂಬಿಕೊಡಲು ಒಪ್ಪಿದ್ದ ಕಂಪನಿ. 2004ರ ಗೆಲುವಿನ 50 ಲಕ್ಷ ಡಾಲರ್ ತಡೆಹಿಡಿದು, ಮಧ್ಯಸ್ಥಿಕೆಯ ನಡುವೆ 2006ರಲ್ಲಿ 75 ಲಕ್ಷ ಕೊಟ್ಟು ರಾಜಿಯಾಯಿತು. ಆ ವಿಚಾರಣೆಯಲ್ಲೇ ಆರ್ಮ್‌ಸ್ಟ್ರಾಂಗ್ ಪ್ರಮಾಣ ಮಾಡಿ ಎಲ್ಲವನ್ನೂ ಅಲ್ಲಗಳೆದಿದ್ದ. 2015ರಲ್ಲಿ ಮಧ್ಯಸ್ಥರು 2–1 ಮತದಿಂದ, ಆ ಸುಳ್ಳಿಗೆಂದೇ 1 ಕೋಟಿ ಡಾಲರ್ ತೆರಲು ಆದೇಶಿಸಿದರು. ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ, ಆರ್ಮ್‌ಸ್ಟ್ರಾಂಗ್ ಹೂಡಿದ ಮಾನನಷ್ಟ ದಾವೆಯಲ್ಲಿ 2006ರಲ್ಲಿ 3 ಲಕ್ಷ ಪೌಂಡ್ ಕೊಟ್ಟು ರಾಜಿಯಾಗಿತ್ತು. ಇಂಗ್ಲೆಂಡಿನಲ್ಲಿ ಬರೆದದ್ದು ನಿಜವೆಂದು ತೋರಿಸುವ ಹೊರೆ ಪ್ರಕಾಶಕನದು. ಅಂಥ ರಾಜಿಯನ್ನು ‘ನಿರ್ದೋಷಿ ಎಂದು ಸಾಬೀತಾಯಿತು’ ಎಂದು ಓದಿದ್ದು ದೊಡ್ಡ ತಪ್ಪು.

ಟಿವಿ ಒಪ್ಪಿಗೆಯನ್ನು ಓದುವ ಬಗೆ

2013ರ ಜನವರಿಯಲ್ಲಿ ಓಪ್ರಾ ವಿನ್‌ಫ್ರೀ ಮುಂದೆ ಇಪಿಒ, ರಕ್ತ, ಟೆಸ್ಟೊಸ್ಟಿರಾನ್ ಎಲ್ಲವನ್ನೂ ಏಳೂ ಗೆಲುವುಗಳಿಗೆ ಒಪ್ಪಿಕೊಂಡ ಆರ್ಮ್‌ಸ್ಟ್ರಾಂಗ್, 2009–10ರ ಮರುಪ್ರವೇಶದಲ್ಲಿ ಮಾತ್ರ ಇಲ್ಲ ಎಂದ. ಆ ಅವಧಿಯ ರಕ್ತದ ಏರಿಳಿತ ಸಹಜವಾಗಿ ಆಗುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಎಂದು ಯುಸಾಡಾದ ನಿರ್ಣಯ ಹೇಳಿತ್ತು. ಒಪ್ಪಿದ ವರ್ಷಗಳೆಲ್ಲ 2005ಕ್ಕೆ ನಿಂತಿವೆ, ಅಲ್ಲಗಳೆದವು 5 ವರ್ಷದ ಕಾಲಮಿತಿಯೊಳಗೇ ಬೀಳುತ್ತವೆ. ಉದ್ದೇಶ ಅದೇ ಎಂದು ಸಾಬೀತಾಗಿಲ್ಲ. ಆದರೆ ಒಪ್ಪಿಗೆಯ ಮಾತು ಕೇಳಿದಾಗ ಪಕ್ಕದಲ್ಲಿ ಗಡುವಿನ ಪಟ್ಟಿ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ‘ನಾಳೆಯೇ ಜೈಲು’ ಎಂದವರೂ ಇದನ್ನು ನೋಡಿರಲಿಲ್ಲ: 2005ರ ಸುಳ್ಳು ಸಾಕ್ಷ್ಯಕ್ಕೆ ಟೆಕ್ಸಾಸ್‌ನಲ್ಲಿ ಮೊಕದ್ದಮೆ ಹೂಡುವ ಅವಧಿ ಆಗಲೇ ಮುಗಿದಿತ್ತು.

ಇದೇ ಕಥೆ ಇಂದು ನಡೆದರೆ? 2020ರ ಡಿಸೆಂಬರ್‌ನಲ್ಲಿ ಬಂದ ಅಮೆರಿಕದ ರಾಡ್ಚೆಂಕೊವ್ ಕಾಯ್ದೆ ಅಂತರರಾಷ್ಟ್ರೀಯ ಸ್ಪರ್ಧೆಗಳ ಡೋಪಿಂಗ್ ಸಂಚನ್ನು ಫೆಡರಲ್ ಅಪರಾಧವಾಗಿಸಿದೆ. 10 ವರ್ಷದವರೆಗೆ ಜೈಲು, ವ್ಯಕ್ತಿಗೆ 2,50,000 ಡಾಲರ್‌ವರೆಗೆ ದಂಡ. ವೈದ್ಯ, ನಿರ್ದೇಶಕ, ಮದ್ದು ತಂದುಕೊಟ್ಟವರು ಅದರ ಬಲೆಗೆ ಬೀಳುತ್ತಾರೆ. ಆಟಗಾರನನ್ನು ಮಾತ್ರ ಆ ಕಾಯ್ದೆ ಹೊರಗಿಟ್ಟಿದೆ.